25ನೇ ಬಾರ್‌ನ ಹೊಸ್ತಿಲಲ್ಲಿ

ಕಂಪ್ಯೂಟರ್‌ನಲ್ಲಿ ನಾನು ಜೋಡಿಸುತ್ತಿದ್ದ ಹಾಡಿನ 25ನೇ ಬಾರ್, ಅಂದರೆ ತಾಳದ 25ನೇ ಸುತ್ತು, ಬರುವುದು ಸರಿಯಾಗಿ ಒಂದು ನಿಮಿಷಕ್ಕೆ. ವೇಗ 96 ಬಿಪಿಎಂ (ನಿಮಿಷಕ್ಕೆ 96 ಬೀಟ್), ಬಾರ್‌ಗೆ ನಾಲ್ಕು ಬೀಟ್. ಒಂದು ಬೀಟ್‌ಗೆ 625 ಮಿಲಿಸೆಕೆಂಡ್, ಒಂದು ಬಾರ್‌ಗೆ ಎರಡೂವರೆ ಸೆಕೆಂಡ್. 24 ಬಾರ್ ಮುಗಿಯುವಾಗ ಗಡಿಯಾರ 60 ಸೆಕೆಂಡ್ ತೋರಿಸುತ್ತದೆ. ಅಲ್ಲಿ ಚರಣ ಮುಗಿದು ಪಲ್ಲವಿ ಶುರುವಾಗಬೇಕು.

ತೆರೆಯ ಮೇಲೆ ಆ ಜಾಗ ನೋಡಲು ಬಹಳ ಚೆನ್ನಾಗಿತ್ತು. ಹನ್ನೊಂದು ಟ್ರ್ಯಾಕ್‌ಗಳ (ವಾದ್ಯಕ್ಕೋ ಧ್ವನಿಗೋ ಒಂದರಂತೆ ಇರುವ ಸಾಲುಗಳು) ಕ್ಲಿಪ್‌ಗಳೂ, ಅಂದರೆ ಸಂಗೀತದ ತುಂಡುಗಳೂ, 24ನೇ ಬಾರ್‌ನ ಕೊನೆಗೆ ಒಂದೇ ಗೆರೆಯಲ್ಲಿ ನಿಂತಿದ್ದವು. ಅದೇ ಗೆರೆಯಿಂದ ಪಲ್ಲವಿಯ ಕ್ಲಿಪ್‌ಗಳು ಬೇರೆ ಬಣ್ಣದಲ್ಲಿ ಹೊರಟಿದ್ದವು. ನೂಲು ಹಿಡಿದು ಕತ್ತರಿಸಿದ ಹಾಗೆ. ಪ್ಲೇ ಒತ್ತಿದರೆ ಮಾತ್ರ ಕೇಳುತ್ತಿದ್ದದ್ದು ಎರಡು ಹಾಡು. ಒಂದು ಹಾಡು ಥಟ್ಟನೆ ನಿಂತು, ಅದೇ ಕ್ಷಣಕ್ಕೆ ಇನ್ನೊಂದು ಎದ್ದು ಕೂತಂತೆ. ಸ್ವರ ತಪ್ಪಿಲ್ಲ, ತಾಳ ತಪ್ಪಿಲ್ಲ, ಶ್ರುತಿ ಸರಿಯಾಗಿದೆ. ಆದರೂ ಅಲ್ಲೊಂದು ಬಿರುಕಿತ್ತು.

ಆ ಒಂದು ಗೆರೆಯ ಆಚೀಚೆ ನಾನು ಮೂರು ವಾರದ ಸಂಜೆಗಳನ್ನು ಕಳೆದೆ. ಕ್ಲಿಪ್ ಜೋಡಿಸುವ ಕೆಲಸದ ಬಗ್ಗೆ ನನಗೆ ಇವತ್ತು ತಿಳಿದಿರುವುದರಲ್ಲಿ ಮುಕ್ಕಾಲು ಪಾಲು ಅಲ್ಲೇ ಕಲಿತದ್ದು.

ಮೊದಲಿಂದ ಹೇಳುತ್ತೇನೆ. ಈ ಹಾಡು ಹುಟ್ಟಿದ್ದು ಎಂಟು ಬಾರ್‌ನ ಲೂಪ್ ಆಗಿ, ಅಂದರೆ ಮತ್ತೆ ಮತ್ತೆ ಸುತ್ತುವ ತುಂಡಾಗಿ. ಎಂಟು ಬಾರ್ ಅಂದರೆ ಈ ವೇಗದಲ್ಲಿ 20 ಸೆಕೆಂಡ್. ಡ್ರಮ್ಸ್‌ನ ಕಿಕ್ ಮೇಲೆ ಬೇಸ್, ಬೇಸ್ ಮೇಲೆ ಕೀಬೋರ್ಡ್, ಅದರ ಮೇಲೆ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸ್ವರಗಳು), ಆಮೇಲೆ ಗಿಟಾರ್‌ನ ಒಂದು ಸಣ್ಣ ಎಳೆ. ಲೂಪ್ ಹಾಕಿಕೊಂಡು ಕೂತರೆ ಗಂಟೆಗಟ್ಟಲೆ ಖುಷಿ. ಒಂದೊಂದು ಸುತ್ತಿಗೂ ಏನಾದರೂ ಸೇರಿಸಬೇಕು ಅನ್ನಿಸುತ್ತದೆ, ಸೇರಿಸುತ್ತಾ ಹೋಗುತ್ತೇವೆ. ಹಾಗೆ ಮೇಲಕ್ಕೆ ಬೆಳೆದ ಸಂಗೀತ ಉದ್ದಕ್ಕೆ ಬೆಳೆಯಲು ಒಪ್ಪುವುದಿಲ್ಲ. ಲೂಪ್‌ನಲ್ಲಿ ಎಲ್ಲವೂ ಒಟ್ಟಿಗೆ ಇರುತ್ತದೆ. ಹಾಡಿನಲ್ಲಿ ಒಂದಾದ ಮೇಲೊಂದು ಬರಬೇಕು. ಎಷ್ಟೋ ಜನರ ಫೋಲ್ಡರ್‌ಗಳಲ್ಲಿ ಇಂಥ 20 ಸೆಕೆಂಡ್‌ನ ಹಾಡುಗಳು ಹತ್ತಾರು ಬಿದ್ದಿರುತ್ತವೆ. ನನ್ನಲ್ಲೂ ಇವೆ.

ಹೊರಬರಲು ನಾನು ಹಿಡಿದ ದಾರಿ ಇದು. ಲೂಪ್‌ನಲ್ಲಿದ್ದ ಎಲ್ಲ ಕ್ಲಿಪ್‌ಗಳನ್ನೂ ಒಟ್ಟಿಗೆ ಹಿಡಿದು ಹತ್ತು ಸಲ ಸಾಲಾಗಿ ಅಂಟಿಸಿದೆ. 80 ಬಾರ್, ಮೂರು ನಿಮಿಷ ಇಪ್ಪತ್ತು ಸೆಕೆಂಡ್. ಆಮೇಲೆ ಅಳಿಸುತ್ತಾ ಬಂದೆ. ಮೊದಲ ಎಂಟು ಬಾರ್‌ನಲ್ಲಿ ಪ್ಯಾಡ್ ಮತ್ತು ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ) ಬಿಟ್ಟು ಉಳಿದದ್ದೆಲ್ಲ ತೆಗೆದೆ. 9ರಿಂದ 24ರವರೆಗೆ ಚರಣ, 25ರಿಂದ 32ರವರೆಗೆ ಪಲ್ಲವಿ. 33ರಿಂದ ಮತ್ತೆ ಚರಣ, 49ರಿಂದ ಮತ್ತೆ ಪಲ್ಲವಿ, 57ರಿಂದ ಬರೀ ವಾದ್ಯ, 65ರಿಂದ ಕೊನೆಯವರೆಗೆ ಪಲ್ಲವಿಯೇ. ನನಗೆ ಎಲ್ಲಕ್ಕಿಂತ ಪ್ರಿಯವಾದ ಗಿಟಾರ್ ಎಳೆಯನ್ನು 57ನೇ ಬಾರ್‌ವರೆಗೆ ಎಲ್ಲೂ ಇಡಲಿಲ್ಲ. ಅದನ್ನು ಅಳಿಸುವಾಗ ಕೈ ಹಿಂದೆಮುಂದೆ ನೋಡಿದ್ದು ನಿಜ. ಆ ಎಳೆಯನ್ನು ನಾನು ಐನೂರು ಸಲ ಕೇಳಿದ್ದೆ. ಕೇಳುಗರು ಇನ್ನೂ ಒಂದು ಸಲವೂ ಕೇಳಿರುವುದಿಲ್ಲ. ಎರಡು ನಿಮಿಷ ಇಪ್ಪತ್ತು ಸೆಕೆಂಡ್ ಅದು ಇಲ್ಲದೆ ಇದ್ದು ಆಮೇಲೆ ಬಂದಾಗ ಅದಕ್ಕೊಂದು ಬರುವಿಕೆ ಇರುತ್ತದೆ. ಜೋಡಿಸುವುದು ಅಂದರೆ ಹೆಚ್ಚಿನ ಪಾಲು ಇದೇ ಕೆಲಸ: ಯಾವುದು ಯಾವಾಗ ಇರಬಾರದು ಎಂದು ತೀರ್ಮಾನಿಸುವುದು.

ಇಷ್ಟಾದಾಗ ಚೌಕಟ್ಟು ನಿಂತಿತು. ಬಿರುಕು ಕಾಣಿಸಿಕೊಂಡದ್ದೂ ಆಗಲೇ.

ಎಂಟೆಂಟು ಬಾರ್‌ನ ಪೆಟ್ಟಿಗೆಗಳಲ್ಲಿ ಯೋಚಿಸುವ ಅಭ್ಯಾಸ ನಮಗೆ ಬಂದದ್ದು ಸಂಗೀತದಿಂದ ಎಷ್ಟೋ, ತೆರೆಯಿಂದಲೂ ಅಷ್ಟೇ ಎಂದು ನನಗನ್ನಿಸುತ್ತದೆ. ಟ್ರ್ಯಾಕ್‌ಗಳು ಮೇಲಿನಿಂದ ಕೆಳಕ್ಕೆ, ಕಾಲ ಎಡದಿಂದ ಬಲಕ್ಕೆ, ನಡುವೆ ಉದ್ದುದ್ದ ಪೆಟ್ಟಿಗೆಗಳಾಗಿ ಸಂಗೀತ. 1989ರಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರ್‌ಗೆ ಬಂದ ಕ್ಯೂಬೇಸ್‌ನ ಪರದೆ ಹೀಗಿತ್ತು. ಇವತ್ತು ಯಾವ ಸಾಫ್ಟ್‌ವೇರ್ ತೆರೆದರೂ ಕಾಣುವುದು ಹೆಚ್ಚುಕಡಿಮೆ ಅದೇ ಚಿತ್ರ. 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಲ್ಲಿ ಹುಟ್ಟಿದ ಎಫ್‌ಎಲ್ ಸ್ಟುಡಿಯೊದಲ್ಲಿ ಮೊದಲು ಪ್ಯಾಟರ್ನ್ ಮಾಡಿಕೊಂಡು ಆಮೇಲೆ ಅದನ್ನು ಸಾಲಿನಲ್ಲಿ ಇಡುತ್ತೇವೆ. 2001ರಲ್ಲಿ ಬಂದ ಏಬಲ್‌ಟನ್ ಲೈವ್‌ನಲ್ಲಿ ಸೆಷನ್ ವ್ಯೂ ಎಂಬ ಇನ್ನೊಂದು ಪರದೆಯೂ ಉಂಟು. ಅಲ್ಲಿ ಕ್ಲಿಪ್‌ಗಳಿಗೆ ಕಾಲದಲ್ಲಿ ಜಾಗವೇ ಇಲ್ಲ, ಚೌಕಗಳಲ್ಲಿ ಕಾಯುತ್ತಾ ಕೂತಿರುತ್ತವೆ. ಒತ್ತಿದಾಗ ಮುಂದಿನ ಬಾರ್‌ಗೆ ಎದ್ದು ನುಡಿಯುತ್ತವೆ. ಅದರಲ್ಲಿ ಆಡುತ್ತಾ ಆಡುತ್ತಾ ಹಾಡಿನ ರೂಪ ಹುಡುಕುವುದು ನನಗೆ ಇಷ್ಟ. ಆದರೆ ಎಲ್ಲ ಕಡೆಯೂ ಪೆಟ್ಟಿಗೆಗೆ ನೇರವಾದ ಅಂಚು, ಅಂಚಿಗೆ ಗ್ರಿಡ್, ಗ್ರಿಡ್‌ಗೆ ಸ್ನ್ಯಾಪ್. ಮೌಸ್ ಬಿಟ್ಟ ಕೂಡಲೇ ಕ್ಲಿಪ್ ಹೋಗಿ ಬಾರ್‌ನ ಗೆರೆಗೆ ಅಂಟಿಕೊಳ್ಳುತ್ತದೆ. ಸ್ವರ ಹಾಗೆ ಅಂಟಿಕೊಳ್ಳುವುದಿಲ್ಲ. ಅದು ಗೆರೆಗಿಂತ ಮೊದಲೇ ಹೊರಡುತ್ತದೆ, ಗೆರೆ ದಾಟಿದ ಮೇಲೂ ಉಳಿದಿರುತ್ತದೆ.

25ನೇ ಬಾರ್‌ನ ಸಮಸ್ಯೆ ಇದೇ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. 24ನೇ ಬಾರ್‌ನ ಕೊನೆಗೆ ಡ್ರಮ್ಸ್‌ನ ಒಂದು ಫಿಲ್ (ಸಣ್ಣ ಉರುಳಿಕೆ), 25ರ ಮೊದಲ ಬೀಟ್‌ಗೆ ಒಂದು ಕ್ರ್ಯಾಶ್ (ದೊಡ್ಡ ತಾಳದ ಹೊಡೆತ). ಸದ್ದಿನಲ್ಲಿ ಬಿರುಕು ಮುಚ್ಚಿಹೋಯಿತು. ಎರಡು ದಿನ ಬಿಟ್ಟು ಕೇಳಿದರೆ ಅದು ಹಾಗೇ ಇತ್ತು, ಅದರ ಮೇಲೊಂದು ಹೊದಿಕೆ ಬಿದ್ದಿತ್ತು ಅಷ್ಟೆ. ಫಿಲ್ ಮತ್ತು ಕ್ರ್ಯಾಶ್ ಎರಡನ್ನೂ ತೆಗೆದೆ. ಅವು ಕೆಟ್ಟವಲ್ಲ, ಒಳಗಿನ ಸಂದು ಕೂಡಿಕೊಂಡ ಮೇಲೆ ಬಂದರೆ ಶೋಭೆ.

ಹಾಗಾಗಿ ಒಂದೊಂದೇ ಟ್ರ್ಯಾಕ್ ಸೋಲೊ ಮಾಡಿ, ಅಂದರೆ ಅದೊಂದನ್ನೇ ಕೇಳುತ್ತಾ, ಗೆರೆಯ ಎರಡೂ ಬದಿ ದೊಡ್ಡದು ಮಾಡಿ ನೋಡಲು ಕೂತೆ.

ಮೊದಲು ಸಿಕ್ಕದ್ದು ಗಿಟಾರ್ ಪಕ್ಕವಾದ್ಯದ (57ಕ್ಕೆ ಕಾದಿರಿಸಿದ ಎಳೆಯಲ್ಲ, ಬೇರೆಯದು) ಆಡಿಯೊ ಕ್ಲಿಪ್‌ನಲ್ಲಿ ಒಂದು ಸಣ್ಣ 'ಟಿಕ್' ಸದ್ದು. ಕಿವಿಗೊಟ್ಟರೆ ಮಾತ್ರ ಕೇಳುವಂಥದ್ದು. ಆಡಿಯೊ ಕ್ಲಿಪ್ ಅಂದರೆ ಒಂದು ಕಿಟಕಿ. ರೆಕಾರ್ಡ್ ಆದ ಫೈಲ್ ಡಿಸ್ಕ್‌ನಲ್ಲಿ ತನ್ನಷ್ಟಕ್ಕೆ ಇಡಿಯಾಗಿ ಇರುತ್ತದೆ. ಆ ಫೈಲ್‌ನ ಇಷ್ಟನೇ ಸ್ಯಾಂಪಲ್‌ನಿಂದ (ಧ್ವನಿಯ ಅತಿ ಸಣ್ಣ ಅಳತೆ ಅದು) ಇಷ್ಟನೆಯದರವರೆಗೆ, ಟೈಮ್‌ಲೈನ್‌ನ ಇಂಥ ಜಾಗದಲ್ಲಿ, ಇಷ್ಟು ಗಟ್ಟಿಯಾಗಿ ನುಡಿಸು ಎಂಬ ಸೂಚನೆಯನ್ನು ಕ್ಲಿಪ್ ಹಿಡಿದುಕೊಂಡಿರುತ್ತದೆ. ಕಿಟಕಿ ಥಟ್ಟನೆ ಮುಚ್ಚಿದ ಜಾಗದಲ್ಲಿ ಧ್ವನಿಯ ಅಲೆ ಶೂನ್ಯದಲ್ಲಿ ಇರದೆ ಏರಿನಲ್ಲೋ ಇಳಿವಿನಲ್ಲೋ ಇದ್ದರೆ, ಅಲ್ಲಿಂದ ಶೂನ್ಯಕ್ಕೆ ಒಂದೇ ನೆಗೆತ. ಆ ನೆಗೆತವೇ ಕಿವಿಗೆ ಟಿಕ್ ಆಗಿ ಕೇಳುವುದು. ಬಾರ್‌ನ ಗೆರೆಗೆ ಅಲೆಯ ಗೊಡವೆ ಇಲ್ಲ. ನನ್ನ ಹಾಡಿನ ಬೀಟ್ ಸೆಕೆಂಡಿಗೆ 44,100ರ ಸ್ಯಾಂಪಲ್ ರೇಟ್‌ನಲ್ಲಿ 27,562.5 ಸ್ಯಾಂಪಲ್ ಉದ್ದ. ಗೆರೆ ಎರಡು ಸ್ಯಾಂಪಲ್‌ಗಳ ನಡುವೆಯೇ ಬೀಳುವುದೂ ಉಂಟು. ಅಲ್ಲಿ ಅಲೆ ಎಲ್ಲಿರುತ್ತದೋ ಯಾರು ಬಲ್ಲರು.

ಇದಕ್ಕೆ ಮದ್ದು ಎಲ್ಲರಿಗೂ ಗೊತ್ತಿರುವುದೇ, ಅಂಚಿಗೆ ಒಂದು ಪುಟ್ಟ ಫೇಡ್ (ಧ್ವನಿ ಮೆಲ್ಲಗೆ ಇಳಿಯುವುದು ಇಲ್ಲವೇ ಏರುವುದು), ಎರಡು ಕ್ಲಿಪ್ ಕೂಡುವಲ್ಲಿ ಕ್ರಾಸ್‌ಫೇಡ್ (ಒಂದು ಇಳಿಯುತ್ತಾ ಇನ್ನೊಂದು ಏರುವುದು). ಟೇಪ್ ಕಾಲದವರಿಗೂ ಇದು ಗೊತ್ತಿತ್ತು ಎನ್ನುವುದು ನನಗೆ ಬಹಳ ಮೆಚ್ಚುಗೆಯ ಸಂಗತಿ. ಅವರು ಕಾಲು ಇಂಚು ಅಗಲದ ಟೇಪನ್ನು ಬ್ಲೇಡ್‌ನಿಂದ ಕತ್ತರಿಸುವಾಗ ನೇರವಾಗಿ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸುತ್ತಿದ್ದರು. ಓರೆ ಇದ್ದಷ್ಟು ಉದ್ದಕ್ಕೆ ಒಂದು ಧ್ವನಿ ತೆಳುವಾಗುತ್ತಾ ಇನ್ನೊಂದು ದಪ್ಪವಾಗುತ್ತಾ ಬರುತ್ತದೆ. ಸೆಕೆಂಡಿಗೆ 15 ಇಂಚು ಓಡುವ ಟೇಪ್‌ನಲ್ಲಿ ಆ ಓರೆ ಸುಮಾರು 17 ಮಿಲಿಸೆಕೆಂಡ್. ಇವತ್ತು ನಾನು ಮೌಸ್‌ನಿಂದ ಎಳೆಯುವ ಕ್ರಾಸ್‌ಫೇಡ್ ಕೂಡ ಹೆಚ್ಚುಕಡಿಮೆ ಅಷ್ಟೇ. ಅದೇ ಟೇಪ್‌ನಲ್ಲಿ ನನ್ನ ಹಾಡಿನ ಒಂದು ಬಾರ್ 95 ಸೆಂಟಿಮೀಟರ್ ಉದ್ದ ಆಗುತ್ತಿತ್ತು. ಕೈಚಾಚಿ ಹಿಡಿಯಬಹುದಾದ ಒಂದು ಬಾರ್! ತಪ್ಪಾಗಿ ಕತ್ತರಿಸಿದರೆ ಅನ್‌ಡೂ ಇಲ್ಲ. ಕತ್ತರಿಸುವ ಮೊದಲು ಅವರು ಆ ಜಾಗವನ್ನು ಎಷ್ಟು ಸಲ ಕೇಳುತ್ತಿದ್ದಿರಬೇಕು ಎಂದು ಯೋಚಿಸಿದಾಗಲೆಲ್ಲ ನನ್ನ ಕೈ ಸ್ವಲ್ಪ ನಿಧಾನವಾಗುತ್ತದೆ.

ಕ್ರಾಸ್‌ಫೇಡ್‌ನ ಆಕಾರದ ಬಗ್ಗೆ ಒಂದು ಮಾತು. ಬೇರೆ ಬೇರೆ ಟೇಕ್‌ಗಳನ್ನು (ಬೇರೆ ಬೇರೆ ಸಲ ರೆಕಾರ್ಡ್ ಮಾಡಿದ್ದನ್ನು) ಕೂಡಿಸುವಾಗ ಈಕ್ವಲ್ ಪವರ್ ಎಂಬ ಉಬ್ಬಿದ ಗೆರೆ ಬೇಕು, ಇಲ್ಲದಿದ್ದರೆ ನಡುವೆ ಧ್ವನಿ ಕುಗ್ಗುತ್ತದೆ. ಒಂದೇ ಧ್ವನಿಯ ಎರಡು ತುಂಡು ಕೂಡಿಸುವಾಗ ನೇರ ಗೆರೆಯೇ ಸರಿ, ಉಬ್ಬಿದ್ದು ಹಾಕಿದರೆ ನಡುವೆ ಧ್ವನಿ ಹೆಚ್ಚಾಗುತ್ತದೆ.

ಟಿಕ್ ಹೋಯಿತು. ಬಿರುಕು ಹೋಗಲಿಲ್ಲ.

ಇನ್ನೊಂದು ತಪ್ಪು ಸಿಕ್ಕಿದ್ದು ಈ ಗೆರೆಯಲ್ಲೇ ಅಲ್ಲ, ಇದರ ಅವಳಿಯಲ್ಲಿ. 25ರ ಪಲ್ಲವಿಯನ್ನು ನಕಲು ಮಾಡಿ 49ಕ್ಕೆ ಇಟ್ಟಿದ್ದೆ. ಅಲ್ಲಿ ಕೀಬೋರ್ಡ್ ಯಾಕೋ ಟೊಳ್ಳಾಗಿ ಕೇಳುತ್ತಿತ್ತು. ವಾಲ್ಯೂಮ್ ಹೆಚ್ಚಿಸಿದೆ, ಆಗಲಿಲ್ಲ. ಈಕ್ಯೂ (ಮಂದ್ರ-ತಾರದ ಹದ) ತಿರುಗಿಸಿದೆ, ಆಗಲಿಲ್ಲ. ಕೊನೆಗೆ ಸ್ವರಗಳನ್ನು ಒಂದೊಂದಾಗಿ ತೋರಿಸುವ ಪಿಯಾನೋ ರೋಲ್ ತೆರೆದು ಮೊದಲ ಸ್ವರಮೇಳವನ್ನು ಎಣಿಸಿದೆ. 25ರಲ್ಲಿ ನಾಲ್ಕು ಸ್ವರ ಕೇಳುತ್ತಿತ್ತು, 49ರಲ್ಲಿ ಮೂರೇ ಇದ್ದವು. ಷಡ್ಜ ಇದೆ, ಪಂಚಮ ಇದೆ, ಮೇಲಿನ ಷಡ್ಜ ಇದೆ. ಗಾಂಧಾರ ಇಲ್ಲ. ಗಾಂಧಾರ ಹೋದರೆ ಸ್ವರಮೇಳದ ಮುಖವೇ ಹೋದಂತೆ. ಮೇಜರೋ ಮೈನರೋ ಎಂದು ಹೇಳುವ ಸ್ವರ ಅದೊಂದೇ.

ಅದು ಎಲ್ಲಿಗೆ ಹೋಯಿತು? ನುಡಿಸುವಾಗ ಕೈಯ ನಾಲ್ಕು ಬೆರಳು ಎಂದೂ ಒಂದೇ ಕ್ಷಣಕ್ಕೆ ಬೀಳುವುದಿಲ್ಲ. 1983ರಲ್ಲಿ ರೂಪುಗೊಂಡ ಮಿಡಿ (ವಾದ್ಯ, ಕಂಪ್ಯೂಟರ್‌ಗಳು ಸ್ವರದ ಸೂಚನೆ ಸಾಗಿಸುವ ಭಾಷೆ) ಕೂಡ ಸ್ವರಗಳನ್ನು ಒಂದರ ಹಿಂದೊಂದೇ ಸಾಗಿಸುತ್ತದೆ. ಸೆಕೆಂಡಿಗೆ 31,250 ಬಿಟ್ ಹರಿಯುವ ಅದರ ಹಳೆಯ ತಂತಿಯಲ್ಲಿ ಒಂದು ಸ್ವರದ ಸುದ್ದಿ ಮುಟ್ಟಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ನನ್ನ ಸಾಫ್ಟ್‌ವೇರ್ ಬೀಟ್ ಒಂದನ್ನು 960 ಟಿಕ್‌ಗಳಾಗಿ ಹಂಚುತ್ತದೆ (ಈ ಟಿಕ್ ಸದ್ದಲ್ಲ, ಕಾಲದ ಅಳತೆ). ಮೂರು ಸ್ವರಗಳು ಬಾರ್‌ನ ಗೆರೆ ದಾಟಿ ಮೂರು, ಐದು, ಒಂಬತ್ತು ಟಿಕ್ ಆಚೆ ಬಿದ್ದಿದ್ದವು. ಗಾಂಧಾರ ಮಾತ್ರ ಹನ್ನೊಂದು ಟಿಕ್ ಈಚೆ, ಅಂದರೆ ಏಳು ಮಿಲಿಸೆಕೆಂಡ್ ಮೊದಲು. ನಾನು ಗೆರೆಗೆ ಸರಿಯಾಗಿ ಕತ್ತರಿಸಿದಾಗ ಅದು ಚರಣದ ಕ್ಲಿಪ್‌ನಲ್ಲಿ ಉಳಿದುಕೊಂಡಿತು. ಮೊದಲ ಪಲ್ಲವಿಯಲ್ಲಿ ಆ ಚರಣದ ಕ್ಲಿಪ್ ಹಿಂದೆಯೇ ಇದ್ದದ್ದರಿಂದ ಸ್ವರ ಅಂಚು ದಾಟಿ ನುಡಿಯುತ್ತಿತ್ತು, ಕೊರತೆ ಗೊತ್ತಾಗಲಿಲ್ಲ. ಎರಡನೆಯ ಪಲ್ಲವಿಯ ಹಿಂದೆ ಇದ್ದದ್ದು ಬೇರೆ ಕ್ಲಿಪ್.

ಏಳು ಮಿಲಿಸೆಕೆಂಡ್‌ಗೆ ಒಂದು ಗಾಂಧಾರ. ಅದನ್ನು ಕ್ವಾಂಟೈಸ್ ಮಾಡಿ ಗೆರೆಯೊಳಕ್ಕೆ ಎಳೆದುಬಿಡಬಹುದಿತ್ತು, ಒಂದು ಕೀ ಒತ್ತಿದರೆ ಸಾಕು. ಮಾಡಲಿಲ್ಲ. ಆ ಸ್ವರಮೇಳ ಸ್ವಲ್ಪ ಚದುರಿ ಬೀಳುವುದರಲ್ಲೇ ಅದರ ಮೃದುತನ ಇತ್ತು. ನಾಲ್ಕನ್ನೂ ಒಂದೇ ಗೆರೆಗೆ ತಂದರೆ ಮೊಳೆ ಹೊಡೆದ ಹಾಗೆ ಕೇಳುತ್ತದೆ. ಬದಲಿಗೆ ಕ್ಲಿಪ್‌ನ ಎಡ ಅಂಚನ್ನೇ ಒಂದು ಬೀಟ್ ಹಿಂದಕ್ಕೆ ಎಳೆದೆ. ಈಗ ನನ್ನ ಪಲ್ಲವಿಯ ಕ್ಲಿಪ್‌ಗಳು 25ನೇ ಬಾರ್‌ನ ಮೊದಲ ಬೀಟ್‌ನಿಂದ ಶುರುವಾಗುವುದಿಲ್ಲ, 24ನೇ ಬಾರ್‌ನ ನಾಲ್ಕನೇ ಬೀಟ್‌ನಿಂದ ಶುರುವಾಗುತ್ತವೆ. ಹಾಡುವವರು ಇದಕ್ಕೆ ಎಡುಪು ಅನ್ನುತ್ತಾರಲ್ಲ, ತಾಳದ ಸಮ ಒಂದು ಕಡೆ, ಹಾಡಿನ ಎತ್ತುಗಡೆ ಇನ್ನೊಂದು ಕಡೆ. ಕ್ಲಿಪ್‌ಗೂ ತನ್ನದೇ ಎತ್ತುಗಡೆ ಬೇಕು. ಅಂದಿನಿಂದ ಯಾವ ಕ್ಲಿಪ್ ನಕಲು ಮಾಡುವುದಿದ್ದರೂ ಮೊದಲು ಗೆರೆಯ ಹಿಂದಿನ ಒಂದು ಬೀಟ್‌ನಲ್ಲಿ ಏನಾದರೂ ಇದೆಯೇ ಎಂದು ನೋಡುತ್ತೇನೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಒಂದೇ ಟ್ರ್ಯಾಕ್‌ನಲ್ಲಿ ಎರಡು ಕ್ಲಿಪ್ ಒಂದರ ಮೇಲೊಂದು ಇರಲು ಆಗುವುದಿಲ್ಲ, ಹೊಸದು ಹಳೆಯದನ್ನು ಅಷ್ಟು ಮಟ್ಟಿಗೆ ಅಳಿಸುತ್ತದೆ. ಅಲ್ಲಿ ಅದೇ ವಾದ್ಯಕ್ಕೆ ಇನ್ನೊಂದು ಟ್ರ್ಯಾಕ್ ಮಾಡಿಕೊಂಡು ಕ್ಲಿಪ್‌ಗಳನ್ನು ಒಂದು ಮೇಲೆ ಒಂದು ಕೆಳಗೆ ಇಟ್ಟರೆ ಆಯಿತು.

ಸ್ವರವನ್ನು ಹಿಡಿದಿಡುವ ಸಸ್ಟೇನ್ ಪೆಡಲ್‌ಗೂ ಇದೇ ಗತಿ. ಪೆಡಲ್ ಒತ್ತಿದ್ದು ಮಿಡಿಯಲ್ಲಿ 64ನೇ ಕಂಟ್ರೋಲರ್ ಆಗಿ ದಾಖಲಾಗುತ್ತದೆ, ಬಿಟ್ಟದ್ದೂ ಹಾಗೆಯೇ. ಒತ್ತಿದ್ದು ಒಂದು ಕ್ಲಿಪ್‌ನಲ್ಲಿ, ಬಿಟ್ಟದ್ದು ಕತ್ತರಿಸಿದ ಆಚೆ ತುಂಡಿನಲ್ಲಿ ಉಳಿದರೆ ಸ್ವರಗಳೆಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ.

ಬಿರುಕಿನ ನಿಜವಾದ ಕಾರಣ ತಿಳಿದದ್ದು ಹಾಡಿದ ಗೆಳತಿಯಿಂದ. ನಾನು ಅಷ್ಟು ದಿನ ವಾದ್ಯಗಳಲ್ಲೇ ಮುಳುಗಿದ್ದೆ. ಧ್ವನಿಯ ಟ್ರ್ಯಾಕ್ ಚೆನ್ನಾಗೇ ಇದೆ ಎಂದುಕೊಂಡಿದ್ದೆ. ಒರಟು ಮಿಕ್ಸ್ ಕಳಿಸಿದಾಗ ಅವಳು ಹೇಳಿದ್ದು ಒಂದೇ ಮಾತು: "ಪಲ್ಲವಿ ಎತ್ತೋವಾಗ ನಾನು ಉಸಿರೇ ತಗೊಂಡಿಲ್ಲ ಅನ್ಸುತ್ತೆ ಕಣೋ. ನಾನು ಹಾಗೆ ಹಾಡಿಲ್ಲ."

ಹೋಗಿ ನೋಡಿದೆ. ಚರಣ ಮತ್ತು ಪಲ್ಲವಿ ಬೇರೆ ಬೇರೆ ಟೇಕ್‌ನವು. ಪಲ್ಲವಿಯ ಟೇಕನ್ನು ನಾನು 25ರ ಗೆರೆಗೆ ಸರಿಯಾಗಿ, ಮೊದಲ ಅಕ್ಷರ ಶುರುವಾಗುವಲ್ಲಿ ಕತ್ತರಿಸಿದ್ದೆ. ಕ್ಲಿಪ್‌ನ ಅಂಚು ಹಿಡಿದು ಎಡಕ್ಕೆ ಎಳೆದಾಗ, ಫೈಲ್ ಇಡಿಯಾಗಿಯೇ ಇತ್ತಲ್ಲ, ಅಡಗಿದ್ದದ್ದು ನಿಧಾನವಾಗಿ ಹೊರಬಂತು. ವೇವ್‌ಫಾರ್ಮ್‌ನಲ್ಲಿ ಮೊದಲು ಏನೂ ಕಾಣದ ಒಂದು ತೆಳು ಗೆರೆ. ದೊಡ್ಡದು ಮಾಡಿದರೆ ಅದು ಬಾದಾಮಿಯ ಹಾಗೆ ನಡುವೆ ಉಬ್ಬಿ ಎರಡೂ ಕಡೆ ಚೂಪಾದ ಸಣ್ಣ ಗುಪ್ಪೆ. ಸುಮಾರು 400 ಮಿಲಿಸೆಕೆಂಡ್. ಉಸಿರು. ಅದರ ಕೊನೆಗೂ ಮೊದಲ ಅಕ್ಷರಕ್ಕೂ ನಡುವೆ ಕೂದಲೆಳೆಯಷ್ಟು ಮೌನ. ಆ ಮೌನದಲ್ಲಿ ಅವಳು ಪಲ್ಲವಿಗೆ ಸಿದ್ಧಳಾಗಿದ್ದಳು. ಅದನ್ನೇ ನಾನು ಕತ್ತರಿಸಿ ಎಸೆದಿದ್ದೆ.

ಉಸಿರನ್ನು ಮರಳಿ ತಂದೆ. ಆದರೆ ಅದು ಕೇಳಿಸಲಿಲ್ಲ. ಅದು ಇದ್ದ ಜಾಗದಲ್ಲಿ, ಅಂದರೆ 24ನೇ ಬಾರ್‌ನ ಕೊನೆಯ ಬೀಟ್‌ನಲ್ಲಿ, ಕಿಕ್ ಇದೆ, ಬೇಸ್ ಇದೆ, ಹೈ-ಹ್ಯಾಟ್ ಎರಡು ಸಲ ಬಡಿಯುತ್ತದೆ, ಕೀಬೋರ್ಡ್ ಹಿಡಿದಿದೆ. ಉಸಿರಿನ ಧ್ವನಿ ಹೆಚ್ಚಿಸಿ ನೋಡಿದೆ, ಏದುಸಿರಿನ ಹಾಗೆ ಕೇಳಿತು, ಸುಳ್ಳಾಯಿತು. ಆಗ ಉಳಿದವರನ್ನು ಸುಮ್ಮನಾಗಿಸಬೇಕು ಎಂದು ಹೊಳೆಯಿತು. ಬೇಸ್ ಕ್ಲಿಪ್‌ನ ಬಲ ಅಂಚನ್ನು ಒಂದು ಬೀಟ್ ಹಿಂದಕ್ಕೆ ತಳ್ಳಿದೆ. ಕಿಕ್‌ನ ಕೊನೆಯ ಹೊಡೆತ ಮ್ಯೂಟ್ ಮಾಡಿದೆ. ಹೈ-ಹ್ಯಾಟ್ ತೆಗೆದೆ. ಪ್ಯಾಡ್ ಮಾತ್ರ ಬಿಟ್ಟೆ, ಅದೂ ಅಡಿಯಲ್ಲಿ ತೆಳ್ಳಗೆ.

625 ಮಿಲಿಸೆಕೆಂಡ್‌ನ ಒಂದು ಬೀಟ್. ಅದರಲ್ಲಿ ಒಂದು ಉಸಿರು, ಹಿಂದೆ ಪ್ಯಾಡ್. ಆಮೇಲೆ ಪಲ್ಲವಿ.

ಮೊದಲ ಸಲ ಹೀಗೆ ಕೇಳಿದಾಗ ನಾನೂ ಉಸಿರು ಎಳೆದುಕೊಂಡೆ, ಗೊತ್ತಿಲ್ಲದೆಯೇ. ಮರುದಿನ ಕೇಳಿದಾಗಲೂ ಹಾಗೇ ಆಯಿತು. ಮೂರು ವಾರದಿಂದ ನಾನು ಆ ಗೆರೆಯ ಮೇಲೆ ಏನನ್ನೋ ಇಡಲು ಹುಡುಕುತ್ತಿದ್ದೆ. ಅಲ್ಲಿ ಬೇಕಿದ್ದದ್ದು ಅವಳು ಆಗಲೇ ಹಾಡಿ ಕೊಟ್ಟಿದ್ದ ಕಾಲು ಬಾರ್, ಅದನ್ನು ಕೇಳಿಸಿಕೊಳ್ಳಲು ಸ್ವಲ್ಪ ಜಾಗ.

ಉಳಿದದ್ದು ಗಾರೆ ಕೆಲಸದವರಿಂದ ಕಲಿತ ಪಾಠ. ಗೋಡೆ ಕಟ್ಟುವಾಗ ಇಟ್ಟಿಗೆಯ ಸಂದಿನ ಮೇಲೆ ಸಂದು ಬಾರದ ಹಾಗೆ ಇಡುತ್ತಾರೆ. ಪ್ರತಿ ಸಾಲಿನ ಸಂದನ್ನೂ ಮೇಲಿನ ಸಾಲಿನ ಇಟ್ಟಿಗೆ ಮುಚ್ಚಿಕೊಳ್ಳುತ್ತದೆ. ಸಂದುಗಳೆಲ್ಲ ಒಂದೇ ನೇರಕ್ಕೆ ಬಂದರೆ ಗೋಡೆ ಅಲ್ಲೇ ಸೀಳುತ್ತದೆ. ನನ್ನ ಹನ್ನೊಂದು ಟ್ರ್ಯಾಕ್‌ಗಳ ಸಂದುಗಳೂ ಒಂದೇ ನೇರಕ್ಕಿದ್ದವು. ಈಗ ಪ್ಯಾಡ್ ಚರಣದಿಂದ ಹೊರಟು 25ನೇ ಬಾರ್‌ನೊಳಕ್ಕೆ ಎರಡು ಬೀಟ್ ಹೋಗಿ ಕರಗುತ್ತದೆ. ಗಿಟಾರ್ ಪಕ್ಕವಾದ್ಯದ ಕೊನೆಯ ಮೀಟು ಗೆರೆಗೆ ನಿಲ್ಲದೆ ಒಂದು ಬಾರ್ ರಿವರ್ಬ್‌ನಲ್ಲಿ (ಅನುರಣನದಲ್ಲಿ) ಉಳಿಯುತ್ತದೆ. ಹೈ-ಹ್ಯಾಟ್ 25ರಲ್ಲಿ ಬರುವುದಿಲ್ಲ, 27ಕ್ಕೆ ಬರುತ್ತದೆ. ಅಷ್ಟರಲ್ಲಿ ಕೇಳುಗರು ಪಲ್ಲವಿಯೊಳಗೆ ಬಂದಾಗಿರುತ್ತದೆ, ಬಾಗಿಲು ಯಾವಾಗ ದಾಟಿದೆವು ಎನ್ನುವ ನೆನಪು ಇರುವುದಿಲ್ಲ. ಬೇಸ್ ಮಾತ್ರ ಸರಿಯಾಗಿ ಗೆರೆಗೇ ಬರುತ್ತದೆ. ಯಾರಾದರೊಬ್ಬರು ಗೆರೆಯನ್ನು ಹೇಳಬೇಕು, ಇಲ್ಲದಿದ್ದರೆ ಎಲ್ಲವೂ ಸೋರಿದಂತಾಗುತ್ತದೆ. ಒಬ್ಬರು ಸಾಕು.

ತೆರೆಯ ಮೇಲೆ ಈಗ ಆ ಜಾಗ ಚೆನ್ನಾಗಿಲ್ಲ. ಕ್ಲಿಪ್‌ಗಳು ಮುರಿದ ಹಲ್ಲುಗಳ ಹಾಗೆ ಹಿಂದೆಮುಂದೆ ಚಾಚಿವೆ. ನನಗದು ತುಂಬ ಇಷ್ಟ.

ಲಿಂಕ್ ಆದ ನಕಲುಗಳ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅದರಿಂದ ನನಗೆ ಒಂದು ಇಡೀ ಸಂಜೆ ಹೋಯಿತು. ನಕಲಿನಲ್ಲಿ ಎರಡು ಬಗೆ. ಒಂದು, ತನ್ನ ಪಾಡಿಗೆ ತಾನಿರುವ ನಕಲು. ಇನ್ನೊಂದು, ಮೂಲದ ನೆರಳಿನಂತಿರುವ ನಕಲು. ಒಂದರಲ್ಲಿ ಸ್ವರ ಬದಲಿಸಿದರೆ ಎಲ್ಲದರಲ್ಲೂ ಬದಲಾಗುತ್ತದೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಸುಮ್ಮನೆ ಎಳೆದರೆ ಸಿಗುವುದು ಮೊದಲನೆಯದು, ಕೆಲವದರಲ್ಲಿ ಎರಡನೆಯದು. ನಾನು ಕೊನೆಯ ಪಲ್ಲವಿಗೆ, 65ನೇ ಬಾರ್‌ನಲ್ಲಿ, ಬೇಸ್‌ನ ಒಂದು ಸ್ವರವನ್ನು ಕೆಳಗಿಳಿಸಿ ಹಾಡು ಮುಗಿಯುವ ಸೂಚನೆ ಕೊಟ್ಟಿದ್ದೆ. ಬಹಳ ತೃಪ್ತಿಯಾಗಿತ್ತು. ನಾಲ್ಕು ದಿನದ ನಂತರ ಮೊದಲಿಂದ ಕೇಳಿದರೆ ಹಾಡು ಒಂದನೇ ನಿಮಿಷಕ್ಕೇ ಮುಗಿಯುವ ಸೂಚನೆ ಕೊಡುತ್ತಿದೆ! ಮೂರೂ ಪಲ್ಲವಿಗಳಲ್ಲಿ ಆ ಸ್ವರ ಇಳಿದುಹೋಗಿತ್ತು. ಅಷ್ಟರಲ್ಲಿ ಆ ಇಳಿದ ಬೇಸ್‌ಗೆ ಹೊಂದುವಂತೆ ಕೀಬೋರ್ಡನ್ನೂ ಅಲ್ಲಲ್ಲಿ ತಿದ್ದಿಬಿಟ್ಟಿದ್ದೆ. ಎಲ್ಲವನ್ನೂ ಬಿಡಿಸಲು ರಾತ್ರಿಯಾಯಿತು.

ಆದರೂ ಲಿಂಕ್ ನಕಲನ್ನು ಬಿಡಬೇಕು ಎಂದು ನಾನು ಹೇಳುವುದಿಲ್ಲ. ಡ್ರಮ್ಸ್‌ಗೆ ಅದು ವರ. ಸ್ನೇರ್‌ನ ಒಂದು ಹೊಡೆತದ ವೆಲಾಸಿಟಿ (ಬಲ) 110ರಿಂದ 96ಕ್ಕೆ ಇಳಿಸಿದರೆ ಹಾಡಿನುದ್ದಕ್ಕೂ ಇಳಿಯುತ್ತದೆ. ನಾನು ಈಗ ಇಟ್ಟುಕೊಂಡ ಕ್ರಮ: ಹಾಡಿನ ರೂಪ ಗಟ್ಟಿಯಾಗುವವರೆಗೆ ಎಲ್ಲವೂ ಲಿಂಕ್ ಆಗಿರಲಿ. ರೂಪ ನಿಂತಿತು ಅನ್ನಿಸಿದ ದಿನ ಡ್ರಮ್ಸ್ ಬಿಟ್ಟು ಉಳಿದ ಎಲ್ಲವನ್ನೂ ಬಿಡಿಸಿ ಪ್ರತ್ಯೇಕ ಮಾಡುವುದು. ಅಲ್ಲಿಂದ ಮುಂದೆ ಮೂರು ಪಲ್ಲವಿಗಳೂ ಮೂರು ಬೇರೆ ಪಲ್ಲವಿಗಳು. ಎರಡನೆಯ ಸಲ ಬರುವ ಮಾತು ಮೊದಲ ಸಲದ ಮಾತಲ್ಲವಲ್ಲ. ನಡುವೆ ಒಂದು ಚರಣ ಕಳೆದಿರುತ್ತದೆ, ಕೇಳುವವರು ಬದಲಾಗಿರುತ್ತಾರೆ. 49ರ ಪಲ್ಲವಿಯಲ್ಲಿ ಉಸಿರಿಗೆ ಜಾಗ ಬಿಡಲಿಲ್ಲ, ವಾದ್ಯಗಳು ನಿಲ್ಲದೆ ಹಾಯ್ದುಹೋಗುತ್ತವೆ. 65ರಲ್ಲಿ ಒಂದು ಬೀಟ್ ಅಲ್ಲ, ಎರಡು ಬೀಟ್ ಖಾಲಿ ಬಿಟ್ಟೆ. ಆ ಎರಡು ಬೀಟ್‌ಗೆ ಧೈರ್ಯ ಬಂದದ್ದು 25ರಲ್ಲಿ ಒಂದು ಬೀಟ್ ಖಾಲಿ ಇಟ್ಟದ್ದರಿಂದ. ಒಮ್ಮೆ ಆ ಮೌನದ ಪರಿಚಯ ಆಗಿದ್ದವರು ಇನ್ನೊಮ್ಮೆ ಕಾಯುತ್ತಾರೆ.

ಸಂದು ತಿದ್ದುವಾಗ ಹೇಗೆ ಕೇಳಬೇಕು ಎನ್ನುವುದೂ ಕೆಲಸದ ಭಾಗವೇ. ಗೆರೆಯ ಎರಡೂ ಬದಿ ಒಂದೊಂದು ಬಾರ್ ಹಿಡಿದು ಲೂಪ್ ಮಾಡಿ ಕೇಳುವುದು ಟಿಕ್ ಹುಡುಕಲು ಸರಿ, ತೀರ್ಮಾನಕ್ಕೆ ಸರಿಯಲ್ಲ. ಇಪ್ಪತ್ತು ಸಲ ಕೇಳಿದರೆ ಎಂಥ ಒರಟು ಸಂದೂ ಕಿವಿಗೆ ಒಗ್ಗಿಹೋಗುತ್ತದೆ. ಕೊನೆಪಕ್ಷ ಎಂಟು ಬಾರ್ ಹಿಂದಿನಿಂದ ಬರಬೇಕು. ಬಂದ ವೇಗ, ಹೊತ್ತು ತಂದ ನಿರೀಕ್ಷೆ ಎರಡೂ ಕಿವಿಯಲ್ಲಿ ಇರಬೇಕು. ತೆರೆ ಆಫ್ ಮಾಡಿ ಕೇಳುವುದು ಇನ್ನೂ ಒಳ್ಳೆಯದು. ಪ್ಲೇಹೆಡ್ ಗೆರೆಯ ಹತ್ತಿರ ಸರಿಯುವುದು ಕಣ್ಣಿಗೆ ಬಿದ್ದರೆ ಕಣ್ಣು ಮೊದಲೇ 'ಬಂತು' ಎಂದುಬಿಡುತ್ತದೆ, ಕಿವಿ ಅದನ್ನು ನಂಬಿಬಿಡುತ್ತದೆ. ದಿನಕ್ಕೆ ಒಂದೇ ಸಲ, ಮೊದಲಿಂದ ಕೊನೆಯವರೆಗೆ, ಕೈ ಮೌಸ್‌ನಿಂದ ದೂರ ಇಟ್ಟು. ಎಲ್ಲಿ ಮನಸ್ಸು ಬೇರೆಡೆ ಹೋಯಿತೋ ಆ ಬಾರ್‌ನ ಸಂಖ್ಯೆಯನ್ನು ಆಮೇಲೆ ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ನನ್ನ ಕಾಗದದಲ್ಲಿ ಎರಡು ವಾರ 41 ಎಂದೇ ಇತ್ತು. ಎರಡನೇ ಚರಣದ ನಟ್ಟನಡುವೆ. ಅಲ್ಲಿ ಹೊಸದೇನೂ ಸೇರಿಸಲಿಲ್ಲ, 41ರಿಂದ 44ರವರೆಗೆ ಕಿಕ್ ತೆಗೆದೆ. ಸಂಖ್ಯೆ ಕಾಗದದಿಂದ ಹೋಯಿತು.

ಕೊನೆಯ ಗೆರೆ ಉಳಿದಿತ್ತು, 80ನೇ ಬಾರ್‌ನ ತುದಿ. ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ಎಂಡ್ ಮಾರ್ಕರ್‌ವರೆಗೆ ಮಾತ್ರ ಬರೆಯುತ್ತದೆ, ಮಾರ್ಕರ್ ಕೂತಿದ್ದು ಕೊನೆಯ ಕ್ಲಿಪ್‌ನ ಅಂಚಿಗೆ ಸರಿಯಾಗಿ. ಅಲ್ಲಿ ಕ್ಲಿಪ್ ಮುಗಿಯುತ್ತದೆ, ಧ್ವನಿಯ ರಿವರ್ಬ್ ಮುಗಿಯುವುದಿಲ್ಲ. ಮಾರ್ಕರ್ ಹಿಡಿದು ಬಲಕ್ಕೆ ಎಳೆದೆ, ಕಿವಿಗೆ ಏನೂ ಕೇಳದಾಗುವವರೆಗೆ, ಆಮೇಲೆ ಇನ್ನೂ ಒಂದು ಸೆಕೆಂಡ್. 80ನೇ ಬಾರ್ ಮುಗಿಯುವುದು 3 ನಿಮಿಷ 20 ಸೆಕೆಂಡಿಗೆ. ಫೈಲ್ ಮುಗಿಯುವುದು 3 ನಿಮಿಷ 26ಕ್ಕೆ.